ಹೊಣೆಯರಿತ ಆಚಾರ್ಯ: ಪ್ರೊ. ಸತೀಶ ಧವನ್

ಶಿಷ್ಯನಿಗೆ ವಿದ್ಯೆಯನ್ನು ಧಾರೆಯೆರೆಯುವುದು ಗುರುವಿನ ಮೊದಲ ಕರ್ತವ್ಯ. ಕಲಿತ ವಿದ್ಯೆಯ ಬಲದಿಂದ ತಾನೇ ಒಂದು ನಿಶ್ಚಯಕ್ಕೆ ಬರುವ ಧೈರ್ಯವನ್ನು ಅವನಲ್ಲಿ ಮೂಡಿಸುವುದು ಅದಕ್ಕಿಂತಲೂ ಕಠಿನವಾದ ಕರ್ತವ್ಯ. ಈ ಎರಡನೆಯದನ್ನು ತರಗತಿಯಲ್ಲಿ ಮಾತ್ರವಲ್ಲದೆ ರಾಷ್ಟ್ರದ ಒಂದು ಮಹಾಸಂಸ್ಥೆಯ ಆಡಳಿತದಲ್ಲಿಯೂ ಆಚರಿಸಿ ತೋರಿದ ವಿರಳರಲ್ಲಿ ಪ್ರೊ. ಸತೀಶ ಧವನ್ ಅವರು ಅಗ್ರಗಣ್ಯರು.

ಧವನ್ ಅವರು ೧೯೨೦ನೆಯ ಇಸವಿ ಸೆಪ್ಟೆಂಬರ್ ೨೫ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂಬ ಮೂರು ಬಗೆಯ ವಿದ್ಯೆಗಳಲ್ಲಿ ಪದವಿ ಗಳಿಸಿದರು. ಅನಂತರ ಅಮೆರಿಕೆಗೆ ತೆರಳಿ, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೫೧ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ೧೯೫೫ರಲ್ಲಿ ವಿಮಾನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು; ಮುಂದೆ ಇಡಿಯ ಸಂಸ್ಥೆಗೆ ನಿರ್ದೇಶಕರಾಗಿ ೧೯೮೧ರವರೆಗೆ ಸುಮಾರು ಹದಿನೆಂಟು ವರ್ಷ ಅದನ್ನು ನಡೆಸಿದರು.

ಯೋಗ್ಯನನ್ನು ಗುರುತಿಸುವುದು, ಅವನಿಗೆ ಕೆಲಸವನ್ನೂ ಅಧಿಕಾರವನ್ನೂ ಒಪ್ಪಿಸುವುದು, ಬಳಿಕ ಅಡ್ಡಬಾರದಿರುವುದು, ಇದು ಅವರ ಕಾರ್ಯಕ್ರಮ. ವಿದ್ಯುದ್ರಸಾಯನ ಶಾಸ್ತ್ರದಲ್ಲಿ ನಿಷ್ಣಾತರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು ತಮ್ಮ ಶಾಸ್ತ್ರದ ಎಲ್ಲೆಯನ್ನು ದಾಟಿ ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಒದಗಿಸಲು ಬಯಸಿದಾಗ ನಿರ್ದೇಶಕರು ಬೆಂಬಲವಿತ್ತರು. ೧೯೭೪ರಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಕನ್ನಡ ನಾಡಿನ ಅಡುಗೆಮನೆಗಳನ್ನು ಹೊಕ್ಕ ಅಸ್ತ್ರ ಒಲೆ ಆ ಘಟಕದ ಕೊಡುಗೆ.

೧೯೭೧ರ ಡಿಸೆಂಬರಿನಲ್ಲಿ ವಿಕ್ರಮ ಸಾರಾಭಾಯಿಯವರು ಅಕಾಲದಲ್ಲಿ ನಿಧನರಾದರು. ಬಾಹ್ಯಾಕಾಶ ಕಾರ್ಯದ ನೇತೃತ್ವ ವಹಿಸಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದಾಗ, ವಿಜ್ಞಾನ ಮಂದಿರದ ಹೊಣೆಯನ್ನು ತಾವು ಬಿಡುವುದಿಲ್ಲವೆಂದೂ ಬಾಹ್ಯಾಕಾಶ ಕಾರ್ಯದ ಕೇಂದ್ರಕಚೇರಿ ಬೆಂಗಳೂರಿನಲ್ಲಿರಬೇಕೆಂದೂ ತಿಳಿಸಿ, ೧೯೭೨ರಲ್ಲಿ ಧವನ್ ಅವರು ಆ ಭಾರವನ್ನು ಹೊತ್ತರು. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ನಿರ್ಮಾಣಗೊಂಡ ‘ಆರ್ಯಭಟ’ವು ೧೯೭೫ರ ಏಪ್ರಿಲ್ ೧೯ರಂದು ಗಗನಕ್ಕೇರಿತು. ಉಪಗ್ರಹವನ್ನು ಹೊತ್ತೊಯ್ಯುವ ಎಸ್‌ಎಲ್‌ವಿ-೩ ರಾಕೆಟ್ಟಿನ ಯೋಜನೆ ಎ. ಪಿ. ಜೆ. ಅಬ್ದುಲ್ ಕಲಾಂ ಅವರ ಪಾಲಿಗೆ ಬಂದಿತು.

ಅಧಿಕಾರವನ್ನು ಕೊಟ್ಟು ಕಣ್ಣು ಮುಚ್ಚಿ ಕುಳಿತವರಲ್ಲ ಧವನ್. ಯೋಜನೆಗೆ ಸೇರದ ತಜ್ಞರೂ ಕುಳಿತು ಪ್ರಶ್ನಿಸುವ ಪರಾಮರ್ಶೆಯ ಸಭೆಗಳನ್ನು ಅವರು ರೂಢಿಗೆ ತಂದರು. ಅಲ್ಲಿ ಕಿರಿಯನು ಹಿರಿಯನ ಲೆಕ್ಕವನ್ನು ತಪ್ಪೆನ್ನಬಹುದಾಗಿತ್ತು. ಪ್ರಶ್ನೆ ಎಲ್ಲರದು, ನಿರ್ಣಯ ಮಾತ್ರ ಹೊಣೆ ಹೊತ್ತವನದು.

ಈ ನೀತಿಗೆ ಸತ್ತ್ವಪರೀಕ್ಷೆ ಬಂದುದು ೧೯೭೯ರ ಆಗಸ್ಟ್ ೧೦ರಂದು. ಶ್ರೀಹರಿಕೋಟೆಯಲ್ಲಿ ೨೨ ಮೀಟರ್ ಎತ್ತರದ, ೧೭ ಟನ್ ತೂಕದ ರಾಕೆಟ್ ಸಿದ್ಧವಾಗಿ ನಿಂತಿತ್ತು. ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಕಂಪ್ಯೂಟರ್ ದೋಷವನ್ನು ಸೂಚಿಸಿ ತಡೆಯೊಡ್ಡಿತು. ಕಲಾಂ ಅವರು ಜೊತೆಯ ತಜ್ಞರ ಅಭಿಪ್ರಾಯವನ್ನು ಕೇಳಿ, ಉಡಾಯಿಸುವುದೆಂದೇ ನಿರ್ಧರಿಸಿದರು. ಮೊದಲ ಹಂತ ಸರಿಯಾಗಿ ನಡೆಯಿತು. ಎರಡನೆಯ ಹಂತದ ನಿಯಂತ್ರಣ ಕೆಟ್ಟು, ರಾಕೆಟ್ ಬಂಗಾಳ ಕೊಲ್ಲಿಯ ಪಾಲಾಯಿತು. ಹಲವು ವರ್ಷಗಳ ಶ್ರಮ ಕೆಲವು ನಿಮಿಷಗಳಲ್ಲಿ ಕಡಲು ಸೇರಿತು.

ಅಂದು ಪತ್ರಕರ್ತರ ಮುಂದೆ ನಿಂತವರು ಧವನ್. ಸೋಲಿನ ಹೊಣೆ ಸಂಸ್ಥೆಯ ಮುಖ್ಯಸ್ಥರಾದ ತಮ್ಮದೆಂದೂ, ತಮ್ಮ ತಂಡವು ಮುಂದಿನ ವರ್ಷ ಗೆದ್ದೇ ತೀರುವುದೆಂದೂ ಅವರು ಸಾರಿದರು. ನಿರ್ಧಾರವನ್ನು ಕೈಗೊಂಡವನ ಹೆಸರನ್ನು ಅವರು ಮುಂದಿಡಲಿಲ್ಲ. ಯೋಜನೆಯನ್ನು ಅವನ ಕೈಯಿಂದ ಕಸಿಯಲಿಲ್ಲ. ಕಾರಣವನ್ನು ಶೋಧಿಸಿ ತಿದ್ದುವ ಕೆಲಸ ಅದೇ ತಂಡಕ್ಕೆ ಸಂದಿತು. ೧೯೮೦ರ ಜುಲೈ ೧೮ರಂದು ಎಸ್‌ಎಲ್‌ವಿ-೩ ವಾಹನವು ೩೫ ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಸಭೆಯನ್ನು ನಡೆಸುವಂತೆ ಧವನ್ ಅವರು ಕಲಾಂ ಅವರಿಗೆ ತಿಳಿಸಿದರು. ಮುಂದೆ ರಾಷ್ಟ್ರಪತಿಗಳಾದ ಕಲಾಂ ಅವರು ಈ ಪ್ರಸಂಗವನ್ನು ಅನೇಕ ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

೧೯೮೪ರಲ್ಲಿ ಧವನ್ ಅವರು ಅಧ್ಯಕ್ಷಪದವಿಯಿಂದ ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ಆರ್ಯಭಟದ ಯು. ಆರ್. ರಾವ್. ನಿವೃತ್ತ ಜೀವನದಲ್ಲಿ ಅವರು ಹಕ್ಕಿಗಳ ಹಾರಾಟದ ಅಧ್ಯಯನದಲ್ಲಿ ಆಸಕ್ತರಾಗಿದ್ದರು. ೨೦೦೨ರ ಜನವರಿ ೩ರಂದು ಬೆಂಗಳೂರಿನಲ್ಲಿ ಕಾಲವಶರಾದರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಕಿರಿಯರು ಸ್ವಂತ ಬುದ್ಧಿಯಿಂದ ನಡೆಯಲೆಂದು ಬಯಸದ ಹಿರಿಯರಿಲ್ಲ. ಆದರೆ ತಪ್ಪಿದಾಗ ದಂಡ ಕಾದಿದೆಯೆಂದು ಬಲ್ಲವನು ಪ್ರತಿಯೊಂದಕ್ಕೂ ಮೇಲಿನವರ ಮುಖ ನೋಡುತ್ತಾನೆ. ದಡದಲ್ಲಿ ಹಿರಿಯರು ನಿಂತಿರುವರೆಂಬ ನಂಬಿಕೆಯುಳ್ಳವನು ಈಜು ಕಲಿಯುತ್ತಾನೆ. ಶಾಲೆಯ ಕೊಠಡಿಯಲ್ಲಾಗಲಿ, ಕಚೇರಿಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ ನಾಲ್ಕು ಜನರನ್ನು ಮುನ್ನಡೆಸುವ ಭಾಗ್ಯ ಪಡೆದವರೆಲ್ಲರೂ ಧವನ್ ಅವರ ಈ ನಡೆಯನ್ನು ಮನನ ಮಾಡಲಿ.