‘ಅಲರ್ಜಿ’ಗೆ ಹೆಸರಿಟ್ಟ ವೈದ್ಯ

ನನಗೆ ಎಳ್ಳು ಆಗಿಬರುವುದಿಲ್ಲ. ಚಟ್ನಿಪುಡಿಯಲ್ಲಿ ಚಿಟಿಕೆಯಷ್ಟು ಬೆರೆತಿದ್ದರೂ ಮೈಮೇಲೆ ದದ್ದೆದ್ದು ತುಟಿ ಊದಿಕೊಳ್ಳುತ್ತದೆ. ಹಾಸ್ಟೆಲ್ ಮೆಸ್ಸಿನಲ್ಲಿ ಹೇಳಿದರೆ ಎಲ್ಲರಿಗೂ ನಗು. ಸಂಕ್ರಾಂತಿಗೆ ಮನೆಮನೆಗೂ ಎಳ್ಳು ಬೀರುವವರಿಗೆ ಎಳ್ಳೇ ಆಗದೇ ಎಂದು ಕೇಳುತ್ತಾರೆ. ಆ ಬೇಸರದಲ್ಲಿ ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಪರಿಚಯವಾದವರು ಕ್ಲೆಮೆನ್ಸ್ ಫಾನ್ ಪಿರ್ಕೆ.

1874ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಸಮೀಪ ಹುಟ್ಟಿದ ಪಿರ್ಕೆ ಮೊದಲು ಓದಿದ್ದು ಕ್ರೈಸ್ತ ಧರ್ಮಶಾಸ್ತ್ರ, ಆಮೇಲೆ ತತ್ವಶಾಸ್ತ್ರ. ಎರಡನ್ನೂ ಬಿಟ್ಟು ವೈದ್ಯಕೀಯಕ್ಕೆ ಬಂದು 1900ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಕೋರ್ಸ್ ಬದಲಿಸಿದವರು ದಾರಿ ತಪ್ಪಿದರು ಎನ್ನುವವರು ಇದನ್ನು ಗಮನಿಸಬೇಕು.

ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಆಗ ಗಂಟಲಮಾರಿಯಂಥ ರೋಗಗಳಿಗೆ ಕುದುರೆಯ ರಕ್ತದಿಂದ ತೆಗೆದ ಸೀರಮ್ ಚುಚ್ಚುತ್ತಿದ್ದರು. ಕೆಲವು ಮಕ್ಕಳಿಗೆ ವಾರ, ಹತ್ತು ದಿನದಲ್ಲಿ ಜ್ವರ, ದದ್ದು, ಕೀಲುನೋವು ಬರುತ್ತಿತ್ತು. ಎರಡನೇ ಸಲ ಚುಚ್ಚಿದರೆ ಅದೇ ತೊಂದರೆ ಬಹುಬೇಗ ಕಾಣಿಸಿಕೊಳ್ಳುತ್ತಿತ್ತು. ಪಿರ್ಕೆ ಮತ್ತು ಸಹೋದ್ಯೋಗಿ ಬೇಲಾ ಶಿಕ್ ಇದನ್ನೆಲ್ಲ ದಿನದ ಲೆಕ್ಕದಲ್ಲಿ ಬರೆದಿಟ್ಟು 1905ರಲ್ಲಿ ಪುಸ್ತಕವಾಗಿ ತಂದರು. ಕಾಯುವ ದೇಹಶಕ್ತಿಯೇ ಕೆಲವೊಮ್ಮೆ ನೋಯಿಸುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಮರುವರ್ಷ, 32ರ ಹರೆಯದಲ್ಲಿ, ಪಿರ್ಕೆ ಒಂದು ಚಿಕ್ಕ ಲೇಖನ ಬರೆದರು. ದೇಹ ಬೇರೆ ರೀತಿ ಪ್ರತಿಕ್ರಿಯಿಸುವುದಕ್ಕೆ ಗ್ರೀಕ್ ಮೂಲದಿಂದ ‘ಅಲರ್ಜಿ’ ಎಂಬ ಪದ ಕಟ್ಟಿದರು. ಜೇನುಹುಳುವಿನ ಕಡಿತ, ಹೂವಿನ ಪರಾಗ ಮಾತ್ರವಲ್ಲ, ಸ್ಟ್ರಾಬೆರಿ, ಏಡಿ ತಿಂದವರ ದದ್ದನ್ನೂ ಅದೇ ಪಟ್ಟಿಗೆ ಸೇರಿಸಿದರು. ಅದುವರೆಗೆ ವಿಚಿತ್ರ ಮೈಗುಣ ಎನಿಸಿಕೊಂಡಿದ್ದಕ್ಕೆ ಒಂದು ವೈದ್ಯಕೀಯ ವಿವರಣೆ ಸಿಕ್ಕಿತು. ಹೊಸ ಪದ ಏಕೆ ಬೇಕೆಂದು ತಕರಾರು ತೆಗೆದವರೂ ಇದ್ದರು. ಕೊನೆಗೆ ಆ ಪದ ಜಗತ್ತಿನ ಭಾಷೆಗಳಿಗೆಲ್ಲ ಹಬ್ಬಿ ಕನ್ನಡಕ್ಕೂ ಬಂತು.

1907ರಲ್ಲಿ ಅವರು ಕ್ಷಯ ಪತ್ತೆಗೆ ಚರ್ಮದ ಪರೀಕ್ಷೆ ರೂಪಿಸಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು ಮತ್ತೆ ವಿಯೆನ್ನಾಕ್ಕೆ ಮರಳಿದರು. ಮೊದಲ ಮಹಾಯುದ್ಧದ ನಂತರ ಹಸಿದ ಮಕ್ಕಳಿಗೆ ಅಮೆರಿಕದ ನೆರವಿನಿಂದ ಊಟ ಹಾಕುವ ಕೆಲಸದ ಹೊಣೆ ಹೊತ್ತರು. ನೊಬೆಲ್ ಅವರಿಗೆ ಒಲಿಯಲಿಲ್ಲ. 1929ರಲ್ಲಿ ತೀರಿಕೊಂಡರು.

ಪಿರ್ಕೆ ರೋಗಿಗಳ ಮಾತನ್ನು ನಗೆಯಾಡದೆ ದಿನಾಂಕ ಹಾಕಿ ಬರೆದಿಟ್ಟರು. ನಾನೂ ಒಂದು ಪುಟ್ಟ ನೋಟ್‌ಬುಕ್ ಇಟ್ಟೆ: ಏನು ತಿಂದೆ, ಎಷ್ಟು ನಿಮಿಷಕ್ಕೆ ತುರಿಕೆ ಶುರುವಾಯಿತು, ಎಷ್ಟು ಹೊತ್ತಿತ್ತು. ಎರಡು ತಿಂಗಳ ಬರಹ ನೋಡಿದ ವೈದ್ಯರು ಪರೀಕ್ಷೆಗೆ ಬರೆದುಕೊಟ್ಟರು. ಆ ವರದಿಯ ಪ್ರತಿ ಈಗ ಮೆಸ್ಸಿನ ಗೋಡೆಯ ಮೇಲಿದೆ. ಅಡುಗೆಯಣ್ಣ ನನ್ನ ಚಟ್ನಿಗೆ ಬೇರೆ ಚಮಚ ಇಟ್ಟಿದ್ದಾರೆ.

ಹಾಲೋ, ಕಡಲೆಬೀಜವೋ, ಬದನೆಯೋ ಆಗದ ಗೆಳೆಯರೇ, ಸಂಕೋಚ ಬಿಟ್ಟು ಹೇಳಿ. ಹೇಳುವ ಮೊದಲು ಬರೆದಿಡಿ. ಪಕ್ಕದವರು ಹೀಗೆ ಹೇಳಿದರೆ, ದಯವಿಟ್ಟು ಒಂದು ತುತ್ತು ತಿಂದು ನೋಡು ಎಂದು ಒತ್ತಾಯಿಸಬೇಡಿ.