ಸೊಪ್ಪಿನ ಸತ್ವ ಮತ್ತು ಸುಬ್ಬರಾವ್

ಮಕ್ಕಳೇ, ಶಾಲೆಯಲ್ಲಿ ನಿಮಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರಲ್ಲವೇ? ಅದರಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಈ ಸತ್ವವನ್ನು ಬೇರ್ಪಡಿಸಿ ಆ ಹೆಸರಿಟ್ಟರು. ಇದರಿಂದ ಸಾವಿರಾರು ರೋಗಿಗಳಿಗೆ ನೆರವಾದ ಭಾರತೀಯರೊಬ್ಬರ ಕಥೆ ನಿಮಗೆ ಗೊತ್ತೇ?

ಅವರೇ ಯಲ್ಲಾಪ್ರಗಡ ಸುಬ್ಬರಾವ್. 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರೂ ಎದೆಗುಂದದೆ ಮೂರನೇ ಸಲ ಪಾಸಾದರು. ಮದರಾಸಿನಲ್ಲಿ ವೈದ್ಯಕೀಯ ಓದಿದರು. ‘ಸ್ಪ್ರೂ’ ಎಂಬ ಕರುಳಿನ ರೋಗ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. ಈ ರೋಗ ಬಂದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಆಗ ಅದಕ್ಕೆ ಸರಿಯಾದ ಔಷಧವಿರಲಿಲ್ಲ.

1923ರಲ್ಲಿ ಸುಬ್ಬರಾವ್ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. ಖರ್ಚಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ ಮಾಡುತ್ತಾ ಸಂಶೋಧನೆ ನಡೆಸಿದರು. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಅದು ಸಂಜೀವಿನಿಯಾಯಿತು.

ಜೀವಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕೋಶಗಳಿಗೂ ಅದು ಬೇಕು. ಹಾಗಾದರೆ ಅವುಗಳಿಗೆ ‘ನಕಲಿ ಫೋಲಿಕ್ ಆಮ್ಲ’ ಕೊಟ್ಟರೆ? ಬೀಗದಲ್ಲಿ ಬೇರೆ ಕೀಲಿಕೈ ಸಿಕ್ಕಿಕೊಂಡಂತೆ ಕೋಶದ ಕೆಲಸ ನಿಲ್ಲುತ್ತದೆ! ಸುಬ್ಬರಾವ್ ಅವರ ತಂಡ ಅಂಥ ಔಷಧವನ್ನು ತಯಾರಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಕೆಲಕಾಲ ಚೇತರಿಸಿಕೊಂಡರು. ಈ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಇದೇ ಬಗೆಯ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಆದರೆ ಒಂದು ತೊಂದರೆಯಿತ್ತು. ನಮ್ಮ ಕರುಳಿನ ಒಳಪದರದ ಕೋಶಗಳೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಔಷಧ ಅವುಗಳನ್ನೂ ತಡೆಯುತ್ತದೆ. ಆಗ ಬಾಯಿಹುಣ್ಣು, ಭೇದಿ ಕಾಡುತ್ತವೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಮತ್ತೆ ಅದೇ ಸೊಪ್ಪಿನ ಸತ್ವದ ಬಳಗದಲ್ಲಿ! ಹೆಚ್ಚಿನ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೊಟ್ಟು ಕೆಲವು ಗಂಟೆಗಳಾದ ಮೇಲೆ ವೈದ್ಯರು ಫೋಲಿನಿಕ್ ಆಮ್ಲ ಕೊಡುತ್ತಾರೆ. ಅದು ಕರುಳಿನ ಕೋಶಗಳನ್ನೂ ಇತರ ಒಳ್ಳೆಯ ಕೋಶಗಳನ್ನೂ ಕಾಪಾಡುತ್ತದೆ. ಬೇಗ ಕೊಟ್ಟರೆ ಕ್ಯಾನ್ಸರ್ ಕೋಶಗಳೂ ಬದುಕಿಬಿಡಬಹುದು; ತಡವಾದರೆ ರೋಗಿಗೆ ಅಪಾಯ. ಆದ್ದರಿಂದ ಇದನ್ನು ವೈದ್ಯರೇ ನಿರ್ಧರಿಸಬೇಕು. ಸೊಪ್ಪು ತಿಂದ ಮಾತ್ರಕ್ಕೆ ಈ ಕೆಲಸ ಆಗದು.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ಅಮೆರಿಕದಲ್ಲೇ ನಿಧನರಾದರು. ತಾಯ್ನಾಡಿಗೆ ಮರಳಲು ಅವರಿಗೆ ಆಗಲೇ ಇಲ್ಲ. ಇನ್ನು ಮುಂದೆ ಬಿಸಿಯೂಟದ ಸಾರಿನಲ್ಲಿ ಸೊಪ್ಪು ಕಂಡರೆ ಪಕ್ಕಕ್ಕೆ ಸರಿಸಬೇಡಿ. ಅವರನ್ನು ನೆನೆದು ತಿನ್ನಿ.