ಇ.ಡಿ. ಮೊರೆಲ್: ಹಡಗಿನ ಲೆಕ್ಕಪತ್ರಗಳು ಮತ್ತು ಕಾಂಗೋ ದೌರ್ಜನ್ಯ

ವಸಾಹತುಶಾಹಿ ದೌರ್ಜನ್ಯಗಳನ್ನು ಕಣ್ಣಾರೆ ಕಂಡು ಪ್ರತಿಭಟಿಸಿದವರು ಚರಿತ್ರೆಯಲ್ಲಿ ಹಲವರಿದ್ದಾರೆ. ಆದರೆ ದೌರ್ಜನ್ಯ ನಡೆದ ನೆಲವನ್ನು ಎಂದೂ ನೋಡದೆ, ದಾಖಲೆಗಳ ಓದಿನಿಂದಲೇ ಅದನ್ನು ಗುರುತಿಸಿ, ಅದರ ವಿರುದ್ಧ ಬದುಕಿನ ಬಹುಭಾಗವನ್ನು ಮುಡಿಪಾಗಿಟ್ಟವರು ವಿರಳ. ಎಡ್ಮಂಡ್ ಡೀನ್ ಮೊರೆಲ್ ಅಂಥವರಲ್ಲಿ ಒಬ್ಬ. ಆತನ ಬದುಕನ್ನು ಪರಿಶೀಲಿಸುವುದೆಂದರೆ ದೂರದವರ ನೋವಿಗೆ ಮಿಡಿಯುವ ಮನಸ್ಸಿನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಪರಿಶೀಲಿಸುವುದೇ ಆಗಿದೆ.

ಮೊರೆಲ್ ಜನಿಸಿದ್ದು 1873ರ ಜುಲೈ 10ರಂದು, ಪ್ಯಾರಿಸ್ಸಿನಲ್ಲಿ. ತಂದೆ ಫ್ರೆಂಚ್, ತಾಯಿ ಇಂಗ್ಲಿಷ್ ಮೂಲದವಳು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಆತನ ಶಿಕ್ಷಣ ಇಂಗ್ಲೆಂಡಿನಲ್ಲಿ ನಡೆಯಿತು. 1891ರಲ್ಲಿ ಲಿವರ್‌ಪೂಲಿನ ಎಲ್ಡರ್ ಡೆಂಪ್‌ಸ್ಟರ್ ಹಡಗು ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ. ಆಂಟ್‌ವರ್ಪ್ ಮತ್ತು ಕಾಂಗೋ ನಡುವಿನ ಸರಕು ಸಾಗಣೆ ಈ ಕಂಪನಿಯ ಕೈಯಲ್ಲಿತ್ತು. ಫ್ರೆಂಚ್ ಬಲ್ಲವನಾದ್ದರಿಂದ ಬೆಲ್ಜಿಯಂ ಜೊತೆಗಿನ ವ್ಯವಹಾರದ ಹೊಣೆ ಅವನ ಪಾಲಿಗೆ ಬಂದಿತು.

1884-85ರ ಬರ್ಲಿನ್ ಸಮ್ಮೇಳನದ ಹಿನ್ನೆಲೆಯಲ್ಲಿ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ ಕಾಂಗೋವನ್ನು ತನ್ನ ಖಾಸಗಿ ಆಳ್ವಿಕೆಗೆ ಪಡೆದಿದ್ದ. ಗುಲಾಮ ವ್ಯಾಪಾರದ ನಿರ್ಮೂಲನ ಮತ್ತು ಮುಕ್ತ ವಾಣಿಜ್ಯ ಅವನು ಜಗತ್ತಿಗೆ ಸಾರಿದ ಉದ್ದೇಶಗಳಾಗಿದ್ದವು. ಆದರೆ ಮೊರೆಲ್ ನೋಡುತ್ತಿದ್ದ ಲೆಕ್ಕಪತ್ರಗಳು ಬೇರೆಯದನ್ನೇ ಹೇಳುತ್ತಿದ್ದವು. ಕಾಂಗೋದಿಂದ ಅಪಾರ ಪ್ರಮಾಣದಲ್ಲಿ ರಬ್ಬರ್ ಮತ್ತು ದಂತ ಬರುತ್ತಿದ್ದವು; ಅಲ್ಲಿಗೆ ಹೋಗುತ್ತಿದ್ದ ಹಡಗುಗಳಲ್ಲಿ ಮುಖ್ಯವಾಗಿ ಬಂದೂಕು, ಮದ್ದುಗುಂಡುಗಳು ಮತ್ತು ಅಧಿಕಾರಿಗಳಿದ್ದರು. ಕೊಳ್ಳುವುದಕ್ಕೆ ಪ್ರತಿಯಾಗಿ ಕೊಡುವ ಸರಕು ಅತ್ಯಲ್ಪ. ಹಾಗಿದ್ದರೆ ಆ ರಬ್ಬರನ್ನು ಸಂಗ್ರಹಿಸುತ್ತಿದ್ದವರಿಗೆ ಸಿಗುತ್ತಿದ್ದುದು ಏನು? ಬಲವಂತದ ದುಡಿಮೆ ಎಂಬುದೊಂದೇ ಇದಕ್ಕೆ ಸಾಧ್ಯವಿದ್ದ ಉತ್ತರ. ವಾಸ್ತವದಲ್ಲಿ ಹಳ್ಳಿಹಳ್ಳಿಗೂ ರಬ್ಬರಿನ ಪಾಲು ನಿಗದಿಯಾಗಿತ್ತು; ಅದು ಸಲ್ಲುವವರೆಗೆ ಹೆಂಗಸರನ್ನು ಒತ್ತೆಯಿರಿಸಲಾಗುತ್ತಿತ್ತು; ಬಳಸಿದ ಗುಂಡುಗಳ ಲೆಕ್ಕ ಒಪ್ಪಿಸಲು ಸೈನಿಕರು ಮನುಷ್ಯರ ಕೈಗಳನ್ನು ಕತ್ತರಿಸಿ ತರುತ್ತಿದ್ದರು.

ಇದನ್ನು ಮೊದಲು ಕಂಡವನು ಮೊರೆಲ್ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆಫ್ರಿಕನ್ ಅಮೆರಿಕನ್ ಲೇಖಕ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ 1890ರಲ್ಲಿಯೇ ಲಿಯೊಪೋಲ್ಡನಿಗೆ ಬಹಿರಂಗ ಪತ್ರ ಬರೆದಿದ್ದ. ಕೆಲವು ಮಿಷನರಿಗಳೂ ದನಿಯೆತ್ತಿದ್ದರು. ಈ ಬಿಡಿ ಸಾಕ್ಷ್ಯಗಳ ಹಿಂದೆ ಒಂದು ವ್ಯವಸ್ಥೆಯೇ ಇದೆಯೆಂದು ಅಂಕಿಗಳ ಮೂಲಕ ತೋರಿಸಿದ್ದು ಮೊರೆಲ್‌ನ ಸಾಧನೆ.

ಕಂಪನಿಯನ್ನು ತೊರೆದ ಮೊರೆಲ್ 1903ರಲ್ಲಿ ತನ್ನದೇ ವಾರಪತ್ರಿಕೆ ಆರಂಭಿಸಿದ. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾಂಗೋ ಕುರಿತು ನಿರ್ಣಯ ಅಂಗೀಕರಿಸಿತು. ಸ್ಥಳ ಪರಿಶೀಲನೆ ನಡೆಸಿದ ಕಾನ್ಸಲ್ ರೋಜರ್ ಕೇಸ್‌ಮೆಂಟ್‌ನ ವರದಿ 1904ರಲ್ಲಿ ಪ್ರಕಟವಾಯಿತು. ಕೇಸ್‌ಮೆಂಟ್‌ನ ಒತ್ತಾಸೆಯಿಂದ ಆ ವರ್ಷವೇ ಮೊರೆಲ್ ಕಾಂಗೋ ಸುಧಾರಣಾ ಸಂಘವನ್ನು ಸ್ಥಾಪಿಸಿದ. ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಛಾಯಾಚಿತ್ರಗಳು ಊರೂರಿನ ಸಭೆಗಳಲ್ಲಿ ಪ್ರದರ್ಶನಗೊಂಡವು. ಕೊನೆಗೆ 1908ರಲ್ಲಿ ಲಿಯೊಪೋಲ್ಡ್ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಸಂಘವು 1913ರಲ್ಲಿ ವಿಸರ್ಜನೆಗೊಂಡಿತು. ಖಾಸಗಿ ಆಳ್ವಿಕೆ ಕೊನೆಗೊಂಡರೂ ವಸಾಹತು ಆಳ್ವಿಕೆ 1960ರವರೆಗೆ ಮುಂದುವರಿಯಿತು.

ಮೊದಲ ಮಹಾಯುದ್ಧವನ್ನು ವಿರೋಧಿಸಿದ ಮೊರೆಲ್ 1917ರಲ್ಲಿ ಸೆರೆಮನೆ ಸೇರಿದ. 1922ರಲ್ಲಿ ಡಂಡೀ ಕ್ಷೇತ್ರದಿಂದ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಸಂಸತ್ತಿಗೆ ಆಯ್ಕೆಯಾದ; ಆ ಚುನಾವಣೆಯಲ್ಲಿ ಸೋತವರಲ್ಲಿ ವಿನ್‌ಸ್ಟನ್ ಚರ್ಚಿಲ್ ಕೂಡ ಒಬ್ಬ. 1924ರ ನವೆಂಬರ್ 12ರಂದು ಮೊರೆಲ್ ನಿಧನನಾದ.

ಈ ಬದುಕನ್ನು ಕೇವಲ ಆದರ್ಶದ ಕಥನವಾಗಿ ಕಟ್ಟಲು ಬರುವುದಿಲ್ಲ. ಫ್ರಾನ್ಸ್ ಜರ್ಮನಿಯ ರೈನ್ ಪ್ರದೇಶದಲ್ಲಿ ಆಫ್ರಿಕನ್ ಸೈನಿಕರನ್ನು ನಿಯೋಜಿಸಿದಾಗ ಇದೇ ಮೊರೆಲ್ ಅವರನ್ನು ಲೈಂಗಿಕ ಹಿಂಸೆಯ ಸ್ವಭಾವದವರೆಂದು ಚಿತ್ರಿಸಿ ಜನಾಂಗದ್ವೇಷದ ಬರಹಗಳನ್ನು ಪ್ರಕಟಿಸಿದ. ಜಮೈಕಾದ ಕವಿ ಕ್ಲಾಡ್ ಮೆಕೇ ಇದನ್ನು ಬಲವಾಗಿ ಖಂಡಿಸಿದ. ಕಾಂಗೋದ ನೋವಿಗೆ ಮಿಡಿದ ಮನಸ್ಸು ಯೂರೋಪಿಗೆ ಬಂದ ಆಫ್ರಿಕನ್ನನನ್ನು ಮನುಷ್ಯನಾಗಿ ಕಾಣದೆ ಹೋದದ್ದೇಕೆ? ದೂರದಲ್ಲಿ ನರಳುವವನು ಅನುಕಂಪಕ್ಕೆ ಪಾತ್ರನಾಗುವುದು ಸುಲಭ. ಅವನೇ ಸಮಾನನಾಗಿ ಎದುರು ನಿಂತಾಗ ಆ ಅನುಕಂಪದ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಮೊರೆಲ್ ಆ ಪರೀಕ್ಷೆಯಲ್ಲಿ ಸೋತ. ಈ ಸೋಲು ಕಾಂಗೋ ಹೋರಾಟದ ಫಲವನ್ನು ಅಳಿಸುವುದಿಲ್ಲ. ಆದರೆ ಅದನ್ನು ಮರೆಮಾಚುವುದೂ ಸಂಶೋಧನೆಗೆ ತರವಲ್ಲ.

ಲಿಯೊಪೋಲ್ಡ್ ನೇಮಿಸಿದ ವಿಚಾರಣಾ ಆಯೋಗದ ಮುಂದೆ ಲೊಂಟುಲು ಎಂಬ ಊರ ಮುಖಂಡ 110 ಕಡ್ಡಿಗಳನ್ನು ಮೇಜಿನ ಮೇಲೆ ಇಟ್ಟ. ರಬ್ಬರಿಗಾಗಿ ಕೊಲೆಯಾದ ತನ್ನವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ. ಅಲ್ಲಿ ದಾಖಲಾದ ಕಾಂಗೋ ಜನರ ಹೇಳಿಕೆಗಳು 1980ರ ದಶಕದವರೆಗೂ ಸಂಶೋಧಕರಿಗೆ ತೆರೆದಿರಲಿಲ್ಲ. ಮೊರೆಲ್‌ನ ಲೆಕ್ಕದ ಜೊತೆಗೆ ಲೊಂಟುಲುವಿನ ಲೆಕ್ಕವನ್ನೂ ಇರಿಸಿಕೊಂಡಾಗ ಮಾತ್ರ ಈ ಚರಿತ್ರೆಯ ಓದು ಪೂರ್ಣವಾಗುತ್ತದೆ.